ತಪಾಸಣೆಯಲ್ಲಿ ಉತ್ತಮ ಫಲಿತಾಂಶ ಬಂದಾಗ: ಮುಸ್ಲಿಂ ಬಾಲಕಿಯರ ಪ್ರೌಢಶಾಲೆ ಅದನ್ನು ಸಂಭ್ರಮಿಸುವ ಬಗೆ

ಇಂಗ್ಲೆಂಡಿನ ಮುಸ್ಲಿಂ ಬಾಲಕಿಯರ ಪ್ರೌಢಶಾಲೆಯೊಂದಕ್ಕೆ ಆಫ್‌ಸ್ಟೆಡ್ (ಶಾಲೆಗಳ ಗುಣಮಟ್ಟವನ್ನು ಪರೀಕ್ಷಿಸುವ ಸರ್ಕಾರಿ ಸಂಸ್ಥೆ) ತಪಾಸಣೆಯಲ್ಲಿ ಅತ್ಯುತ್ತಮ ಫಲಿತಾಂಶ ಬಂದರೆ ಆ ಸುದ್ದಿ ಶಾಲೆಯ ಗೇಟಿನೊಳಗೆ ಉಳಿಯುವುದಿಲ್ಲ. ಸಂಜೆಯಾಗುವಷ್ಟರಲ್ಲಿ ಅದು ಮಸೀದಿಯ ವಾಟ್ಸ್‌ಆ್ಯಪ್ ಗುಂಪುಗಳಿಗೂ, ಮದರಸಾಕ್ಕೆ ಮಕ್ಕಳನ್ನು ಬಿಡಲು ಬಂದ ತಾಯಂದಿರ ಮಾತಿಗೂ ತಲುಪಿರುತ್ತದೆ. ಇದಕ್ಕೆ ಕಾರಣವಿದೆ. ಇಂಥ ಶಾಲೆಗಳಲ್ಲಿ ಹಲವು 1980ರ ದಶಕದಲ್ಲಿ ಪೋಷಕರು ಕೂಡಿಸಿದ ಚಂದಾ ಹಣದಿಂದ ಸಣ್ಣದಾಗಿ ಆರಂಭವಾದವು. ಮುಸ್ಲಿಂ ಶಾಲೆಗಳಿಗೆ ಸರ್ಕಾರಿ ಅನುದಾನ ಮೊದಲು ದೊರೆತದ್ದು 1998ರಲ್ಲಿ, ಅದೂ ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್‌ನ ಎರಡು ಪ್ರಾಥಮಿಕ ಶಾಲೆಗಳಿಗೆ ಮಾತ್ರ. ಬ್ರಾಡ್‌ಫರ್ಡ್‌ನ ಫೆವರ್‌ಶಮ್ ಕಾಲೇಜು 2001ರಲ್ಲಿ ಅನುದಾನಿತ ಬಾಲಕಿಯರ ಪ್ರೌಢಶಾಲೆಯಾಯಿತು. ಬ್ಲ್ಯಾಕ್‌ಬರ್ನ್‌ನಲ್ಲಿ 1984ರಲ್ಲೇ ತೆರೆದಿದ್ದ ತೌಹೀದುಲ್ ಇಸ್ಲಾಂ ಬಾಲಕಿಯರ ಪ್ರೌಢಶಾಲೆ 2006ರವರೆಗೆ ಕಾಯಬೇಕಾಯಿತು. ಮಗಳ ಓದಿಗಾಗಿ ಮನೆಮನೆ ತಿರುಗಿ ಹಣ ಕೂಡಿಸಿದವರು ಈಗ ಅಜ್ಜ ಅಜ್ಜಿಯರಾಗಿದ್ದಾರೆ, ಮತ್ತು ವರದಿಯ ಸುದ್ದಿ ಕೇಳಿ ಮೊದಲು ಕಣ್ಣೊರೆಸಿಕೊಳ್ಳುವವರೂ ಅವರೇ.

ಉತ್ತರ ಇಂಗ್ಲೆಂಡಿನ ಇಂಥದೊಂದು ಶಾಲೆಯ ಆಡಳಿತ ಮಂಡಳಿಯಲ್ಲಿ ನಾನು ಪೋಷಕರ ಪ್ರತಿನಿಧಿಯಾಗಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಆ ಅವಧಿಯಲ್ಲಿ ಎರಡು ಒಳ್ಳೆಯ ವರದಿಗಳು ಬಂದವು; ಮೊದಲನೆಯದನ್ನು ನಾವು ಅವಸರದಲ್ಲಿ ಆಚರಿಸಿ ತಪ್ಪು ಮಾಡಿದೆವು, ಎರಡನೆಯದನ್ನು ಯೋಚಿಸಿ ಆಚರಿಸಿದೆವು. ಅಲ್ಲಿನ ಶಾಲೆಗಳಲ್ಲಿ ಕಲಿಸುತ್ತಿರುವ, ಆಡಳಿತ ಮಂಡಳಿಗಳಲ್ಲಿ ಕುಳಿತಿರುವ ಅಥವಾ ಪೋಷಕರ ಸಂಘದಲ್ಲಿ ದುಡಿಯುತ್ತಿರುವ ಕನ್ನಡಿಗರಿಗೆ ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಫಲಿತಾಂಶವು ತಪಾಸಣೆಯ ದಿನಗಳಲ್ಲಿ ತರಗತಿಯಲ್ಲಿ ಕುಳಿತಿದ್ದ ಹುಡುಗಿಯರದು ಮತ್ತು ಅವರಿಗೆ ಕಲಿಸಿದವರದು ಎಂಬ ಒಂದೇ ಅಳತೆಗೋಲನ್ನು ಕೈಯಲ್ಲಿಟ್ಟುಕೊಂಡರೆ ಮುಂದಿನ ಎಲ್ಲ ನಿರ್ಧಾರಗಳೂ ಸುಲಭವಾಗುತ್ತವೆ.

ವರದಿಯನ್ನು ಮೂರು ಸಲ ಓದಿ

ಆಚರಣೆಯ ಮೊದಲ ಕೆಲಸ ಓದುವುದು, ಏಕೆಂದರೆ ಹೆಚ್ಚಿನ ತಪ್ಪುಗಳು ವರದಿಯನ್ನು ಪೂರ್ತಿ ಓದದೆ ಬ್ಯಾನರ್ ಬರೆಸುವುದರಿಂದಲೇ ಆಗುತ್ತವೆ. ಆಫ್‌ಸ್ಟೆಡ್ 1992ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ. ಅದರ ವ್ಯಾಪ್ತಿ ಇಂಗ್ಲೆಂಡಿಗೆ ಮಾತ್ರ ಸೀಮಿತ, ವೇಲ್ಸ್ ಮತ್ತು ಸ್ಕಾಟ್ಲೆಂಡ್‌ಗಳಿಗೆ ಬೇರೆ ಸಂಸ್ಥೆಗಳಿವೆ. ಬಹುಕಾಲ ಅದು ಇಡೀ ಶಾಲೆಗೆ ಒಂದೇ ದರ್ಜೆಯನ್ನು ಕೊಡುತ್ತಿತ್ತು: ಔಟ್‌ಸ್ಟ್ಯಾಂಡಿಂಗ್, ಗುಡ್, ರಿಕ್ವೈರ್ಸ್ ಇಂಪ್ರೂವ್‌ಮೆಂಟ್, ಇನ್‌ಅಡಿಕ್ವೇಟ್. 2023ರ ಜನವರಿಯಲ್ಲಿ ರೆಡಿಂಗ್‌ನ ಪ್ರಾಥಮಿಕ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ಆತ್ಮಹತ್ಯೆ ಮಾಡಿಕೊಂಡರು. ಆ ಸಾವಿಗೆ ತಪಾಸಣೆಯೂ ಒಂದು ಕಾರಣವಾಗಿತ್ತು ಎಂದು ಅದೇ ವರ್ಷದ ಡಿಸೆಂಬರ್‌ನಲ್ಲಿ ಕರೋನರ್ (ಅಸಹಜ ಸಾವುಗಳ ವಿಚಾರಣೆ ನಡೆಸುವ ಅಧಿಕಾರಿ) ತೀರ್ಮಾನಿಸಿದರು. ಒಂದೇ ಪದದಲ್ಲಿ ಶಾಲೆಯನ್ನು ತೂಗುವುದರ ವಿರುದ್ಧ ಎದ್ದ ದನಿ ಬಲವಾಯಿತು. 2024ರ ಸೆಪ್ಟೆಂಬರ್‌ನಿಂದ ಅನುದಾನಿತ ಶಾಲೆಗಳಿಗೆ ಒಟ್ಟಾರೆ ದರ್ಜೆ ಕೊಡುವುದು ನಿಂತಿತು, 2025ರ ನವೆಂಬರ್‌ನಿಂದ ರಿಪೋರ್ಟ್ ಕಾರ್ಡ್ ಪದ್ಧತಿ ಜಾರಿಗೆ ಬಂದಿತು.

ಹೀಗಾಗಿ ನಿಮ್ಮ ಕೈಯಲ್ಲಿರುವ ವರದಿ ಯಾವ ಕಾಲದ್ದು ಎಂಬುದನ್ನು ಮೊದಲು ನೋಡಿಕೊಳ್ಳಿ. ಹೊಸ ಕಾರ್ಡಿನಲ್ಲಿ ಪ್ರತಿಯೊಂದು ವಿಭಾಗಕ್ಕೂ ಪ್ರತ್ಯೇಕ ದರ್ಜೆಯಿರುತ್ತದೆ: ಎಲ್ಲರನ್ನೂ ಒಳಗೊಳ್ಳುವಿಕೆ, ಪಠ್ಯಕ್ರಮ ಮತ್ತು ಬೋಧನೆ, ಕಲಿಕೆಯ ಸಾಧನೆ, ಹಾಜರಾತಿ ಮತ್ತು ನಡವಳಿಕೆ, ವ್ಯಕ್ತಿತ್ವ ವಿಕಾಸ ಮತ್ತು ಯೋಗಕ್ಷೇಮ, ನಾಯಕತ್ವ ಮತ್ತು ಆಡಳಿತ. ದರ್ಜೆಗಳು ಐದು, ಮೇಲಿನಿಂದ ಕೆಳಕ್ಕೆ ಎಕ್ಸೆಪ್ಷನಲ್, ಸ್ಟ್ರಾಂಗ್ ಸ್ಟ್ಯಾಂಡರ್ಡ್, ಎಕ್ಸ್‌ಪೆಕ್ಟೆಡ್ ಸ್ಟ್ಯಾಂಡರ್ಡ್, ನೀಡ್ಸ್ ಅಟೆನ್ಶನ್ ಮತ್ತು ಅರ್ಜೆಂಟ್ ಇಂಪ್ರೂವ್‌ಮೆಂಟ್. ಮಕ್ಕಳ ಸುರಕ್ಷತೆಗೆ ದರ್ಜೆಯಿಲ್ಲ; ಅಲ್ಲಿ ಅಗತ್ಯ ಪೂರೈಸಿದೆ ಅಥವಾ ಪೂರೈಸಿಲ್ಲ ಎಂಬ ಎರಡೇ ಉತ್ತರ. ಮೂರು ವಿಭಾಗಗಳಲ್ಲಿ ಅತಿ ಮೇಲಿನ ದರ್ಜೆ, ಉಳಿದ ಮೂರರಲ್ಲಿ ಅದರ ಕೆಳಗಿನ ದರ್ಜೆ ಬಂದಿದ್ದರೆ ಹಾಗೆಯೇ ಹೇಳಬೇಕು. ಅನುದಾನಿತ ಶಾಲೆಯೊಂದು ಹೊಸ ವರದಿಯನ್ನು ಹಿಡಿದುಕೊಂಡು ‘ನಮ್ಮ ಶಾಲೆ ಎಕ್ಸೆಪ್ಷನಲ್’ ಎಂದು ಬರೆಸಿದರೆ ಅದು ವರದಿಯಲ್ಲಿ ಇಲ್ಲದ ಮಾತಾಗುತ್ತದೆ. ಎಕ್ಸ್‌ಪೆಕ್ಟೆಡ್ ಸ್ಟ್ಯಾಂಡರ್ಡ್ ಎಂಬ ಪದವನ್ನು ಕಂಡು ಮುಖ ಬಾಡಿಸಿಕೊಳ್ಳುವ ಪೋಷಕರೂ ಇದ್ದಾರೆ. ಅದು ಒಂದು ಶಾಲೆಯಿಂದ ನ್ಯಾಯವಾಗಿ ನಿರೀಕ್ಷಿಸಬೇಕಾದ ಗಟ್ಟಿಯಾದ ಮಟ್ಟ ಎಂಬುದನ್ನು ಅವರಿಗೆ ತಿಳಿಸಿ ಹೇಳಬೇಕು.

ಎರಡನೆಯ ಸಲದ ಓದಿನಲ್ಲಿ, ವರದಿ ಏನನ್ನು ಪರೀಕ್ಷಿಸಿಲ್ಲ ಎಂಬುದನ್ನು ಗುರುತಿಸಿಕೊಳ್ಳಿ. ಧಾರ್ಮಿಕ ಸ್ವರೂಪದ ಅನುದಾನಿತ ಶಾಲೆಗಳಲ್ಲಿ ಧರ್ಮಬೋಧನೆ ಮತ್ತು ಸಾಮೂಹಿಕ ಪ್ರಾರ್ಥನೆಯ ತಪಾಸಣೆಯನ್ನು 2005ರ ಶಿಕ್ಷಣ ಕಾಯ್ದೆಯ 48ನೆಯ ಸೆಕ್ಷನ್ನಿನ ಪ್ರಕಾರ ಬೇರೆಯವರು ಮಾಡುತ್ತಾರೆ. ಮುಸ್ಲಿಂ ಶಾಲೆಗಳ ವಿಷಯದಲ್ಲಿ ಅಸೋಸಿಯೇಷನ್ ಆಫ್ ಮುಸ್ಲಿಂ ಸ್ಕೂಲ್ಸ್ ಈ ಕೆಲಸಕ್ಕೆ ಸಂಬಂಧಿಸಿದ ಸಂಸ್ಥೆ. ಆದ್ದರಿಂದ ಅಂಥ ಶಾಲೆಯಲ್ಲಿ ಕುರ್‌ಆನ್ ಪಠಣದ ಗುಣಮಟ್ಟವನ್ನು ಆಫ್‌ಸ್ಟೆಡ್ ಮೆಚ್ಚಿತು ಎಂದು ಮಸೀದಿಯಲ್ಲಿ ಘೋಷಿಸುವುದು ಸರಿಯಲ್ಲ. ಶುಲ್ಕ ಪಡೆಯುವ ಖಾಸಗಿ ಶಾಲೆಯಾಗಿದ್ದರೆ ತಪಾಸಣೆಯ ಆಧಾರವೇ ಬೇರೆ. ಅಲ್ಲಿ 2014ರ ಸ್ವತಂತ್ರ ಶಾಲಾ ಮಾನದಂಡಗಳನ್ನು ಶಾಲೆ ಪಾಲಿಸುತ್ತಿದೆಯೇ ಎಂಬುದೂ ವರದಿಯಲ್ಲಿ ಬರುತ್ತದೆ, ಮತ್ತು ಅದನ್ನು ಪೋಷಕರಿಗೆ ಹೇಳುವುದು ದರ್ಜೆಯನ್ನು ಹೇಳುವುದರಷ್ಟೇ ಮುಖ್ಯ.

ಮೂರನೆಯ ಓದು ಪೆನ್ಸಿಲ್ ಹಿಡಿದು ಮಾಡುವ ಓದು. ಈ ಶಾಲೆಯಲ್ಲಿ ವಿದ್ಯಾರ್ಥಿನಿಯಾಗಿರುವುದು ಎಂಥ ಅನುಭವ ಎಂಬುದನ್ನು ವಿವರಿಸುವ ಭಾಗವೊಂದು ವರದಿಯಲ್ಲಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಇಡೀ ದಾಖಲೆಯಲ್ಲಿ ಆಚರಣೆಗೆ ಬೇಕಾದ ಜೀವ ಇರುವುದು ಅಲ್ಲಿಯೇ. ತಪಾಸಕರು ಕಾರಿಡಾರಿನಲ್ಲಿ ಕಂಡದ್ದು, ಊಟದ ಹೊತ್ತಿನಲ್ಲಿ ಹುಡುಗಿಯರು ಅವರಿಗೆ ಹೇಳಿದ್ದು ಎಲ್ಲವೂ ಅಲ್ಲಿ ಸರಳ ವಾಕ್ಯಗಳಲ್ಲಿ ಸಿಗುತ್ತದೆ. ಅಂಥ ನಾಲ್ಕೈದು ವಾಕ್ಯಗಳಿಗೆ ಗೆರೆ ಹಾಕಿ. ಮುಂದೆ ಮಾಡಬೇಕಾದ ಕೆಲಸಗಳ ಭಾಗಕ್ಕೂ ಗೆರೆ ಹಾಕಿ, ಅದು ಬೇಕಾಗುತ್ತದೆ.

ವರದಿ ಹೊರಬೀಳುವವರೆಗೆ

ತಪಾಸಣೆ ಮುಗಿದ ಸಂಜೆಯೇ ತಾತ್ಕಾಲಿಕ ಫಲಿತಾಂಶ ಮುಖ್ಯೋಪಾಧ್ಯಾಯಿನಿಗೆ ತಿಳಿಯುತ್ತದೆ, ಆದರೆ ಅಂತಿಮ ವರದಿ ಬರಲು ಕೆಲವು ವಾರಗಳೇ ಬೇಕು. ಈ ಅವಧಿಯಲ್ಲಿ ಅವರು ಸಹೋದ್ಯೋಗಿಗಳೊಂದಿಗೆ ಮತ್ತು ಆಡಳಿತ ಮಂಡಳಿಯೊಂದಿಗೆ ಮಾತನಾಡಬಹುದು. ಪೋಷಕರಿಗಾಗಲಿ ಪತ್ರಿಕೆಗಳಿಗಾಗಲಿ ಹೇಳುವಂತಿಲ್ಲ. ಕರಡು ಪ್ರತಿ ಬಂದಾಗ ಅದರಲ್ಲಿನ ವಾಸ್ತವಾಂಶಗಳನ್ನು ಪರಿಶೀಲಿಸಿ ಉತ್ತರಿಸಲು ಶಾಲೆಗೆ ಅವಕಾಶವಿರುತ್ತದೆ, ಅದನ್ನು ಬಿಡಬೇಡಿ. ಅಂತಿಮ ವರದಿ ಕೈಸೇರಿದ ಮೇಲೆ ಐದು ಕೆಲಸದ ದಿನಗಳೊಳಗೆ ಅದು ಪ್ರತಿಯೊಬ್ಬ ಪೋಷಕರಿಗೂ ತಲುಪುವಂತೆ ಅನುದಾನಿತ ಶಾಲೆಗಳು ನೋಡಿಕೊಳ್ಳಬೇಕೆಂಬುದು ಕಾನೂನು. ಶಾಲೆಯ ವೆಬ್‌ಸೈಟಿನಲ್ಲೂ ವರದಿ ಅಥವಾ ಅದರ ಕೊಂಡಿ ಇರಬೇಕು. ಈ ಕಾಯುವ ವಾರಗಳನ್ನು ಅನುವಾದಕ್ಕೆ ಬೇಕಾದವರನ್ನು ಗೊತ್ತುಮಾಡುವುದಕ್ಕೆ, ಒಪ್ಪಿಗೆ ಪತ್ರಗಳನ್ನು ನೋಡಿಕೊಳ್ಳುವುದಕ್ಕೆ, ಅತಿಥಿಗಳ ಪಟ್ಟಿ ಮಾಡುವುದಕ್ಕೆ ಬಳಸಿಕೊಳ್ಳಿ.

ಮೊದಲು ಹುಡುಗಿಯರಿಗೆ ತಿಳಿಯಲಿ

ನಾವು ಮೊದಲ ಸಲ ಮಾಡಿದ ತಪ್ಪು ಇಲ್ಲಿಯದು. ವರದಿ ಪ್ರಕಟವಾದ ಬೆಳಿಗ್ಗೆ ಎಂಟು ಗಂಟೆಗೇ ಫೇಸ್‌ಬುಕ್‌ನಲ್ಲಿ ಸುದ್ದಿ ಹಾಕಿದೆವು. ಹುಡುಗಿಯರು ತಂದೆಯ ಫೋನಿನಲ್ಲಿ, ಬಸ್ಸಿನಲ್ಲಿ, ಬೇರೆ ಶಾಲೆಯ ಗೆಳತಿಯರ ಬಾಯಿಂದ ಅದನ್ನು ತಿಳಿದು ಶಾಲೆಗೆ ಬಂದರು. ಅಸೆಂಬ್ಲಿಯಲ್ಲಿ ಮುಖ್ಯೋಪಾಧ್ಯಾಯಿನಿ ಅದನ್ನೇ ಮತ್ತೊಮ್ಮೆ ಹೇಳಿದಾಗ ನೂರಾರು ಮುಖಗಳಲ್ಲಿ ಶಿಸ್ತಿನ ಚಪ್ಪಾಳೆಗಿಂತ ಹೆಚ್ಚಿನದೇನೂ ಕಾಣಲಿಲ್ಲ.

ಎರಡನೆಯ ಸಲ ನಾವು ಸಾಮಾಜಿಕ ಜಾಲತಾಣಗಳನ್ನು ಮಧ್ಯಾಹ್ನದವರೆಗೆ ಮುಟ್ಟಲಿಲ್ಲ. ಬೆಳಿಗ್ಗೆ ಎಲ್ಲ ತರಗತಿಗಳನ್ನೂ ಸಭಾಂಗಣಕ್ಕೆ ಕರೆಸಿ, ದರ್ಜೆಗಳ ವಿಷಯವನ್ನು ಬದಿಗಿಟ್ಟು, ಗೆರೆ ಹಾಕಿಟ್ಟಿದ್ದ ವಾಕ್ಯಗಳನ್ನು ಶಾಲೆಯ ಐದೂ ಹಂತದ ತರಗತಿಗಳ ತಲಾ ಒಬ್ಬ ಹುಡುಗಿಯಿಂದ ಓದಿಸಿದೆವು. ಇಯರ್ 8ರ (ಹನ್ನೆರಡು–ಹದಿಮೂರು ವಯಸ್ಸಿನ ತರಗತಿ) ಹುಡುಗಿಯೊಬ್ಬಳು ಓದಿದ ವಾಕ್ಯ, ಇಲ್ಲಿನ ವಿದ್ಯಾರ್ಥಿನಿಯರು ಅರ್ಥವಾಗದಿದ್ದನ್ನು ಕೇಳಲು ಹಿಂಜರಿಯುವುದಿಲ್ಲ ಎಂಬರ್ಥದ್ದು. ತಪಾಸಕರು ಕುಳಿತಿದ್ದ ಗಣಿತದ ತರಗತಿಯಲ್ಲಿ ಮೂರು ಸಲ ಕೈ ಎತ್ತಿ ಭಿನ್ನರಾಶಿಯ ಅದೇ ಲೆಕ್ಕವನ್ನು ಮತ್ತೆ ಮತ್ತೆ ಕೇಳಿದ್ದ ಹುಡುಗಿ ಎರಡನೆಯ ಸಾಲಿನಲ್ಲಿ ಕುಳಿತಿದ್ದಳು. ತನ್ನಿಂದ ಶಾಲೆಗೆ ಕೆಟ್ಟ ಹೆಸರು ಬಂದೀತೆಂದು ಅವಳು ಅಷ್ಟು ವಾರ ಹೆದರಿಕೊಂಡಿದ್ದಳೆಂದು ನಮಗೆ ತಿಳಿದದ್ದು ಆಮೇಲೆ. ಆ ವಾಕ್ಯ ಕಿವಿಗೆ ಬಿದ್ದಾಗ ಅವಳು ಹಿಜಾಬಿನ ಅಂಚನ್ನು ಬಾಯಿಗೆ ಒತ್ತಿ ಹಿಡಿದುಕೊಂಡು ಪಕ್ಕದವಳ ಕಡೆ ತಿರುಗಿದಳು, ಪಕ್ಕದವಳು ಮೊಣಕೈಯಿಂದ ಮೆಲ್ಲಗೆ ತಿವಿದಳು. ಆ ದಿನದ ನಿಜವಾದ ಸಮಾರಂಭ ನನಗೆ ಅದೇ.

ಆದ್ದರಿಂದ ಕ್ರಮ ಹೀಗಿರಲಿ: ಬೆಳಿಗ್ಗೆ ಪಾಠ ಆರಂಭವಾಗುವ ಮುನ್ನ ಸಿಬ್ಬಂದಿ, ಆಮೇಲೆ ವಿದ್ಯಾರ್ಥಿನಿಯರು, ಮಧ್ಯಾಹ್ನ ಪೋಷಕರಿಗೆ ಪತ್ರ, ಅದರ ನಂತರವೇ ಹೊರಜಗತ್ತು. ಸಿಬ್ಬಂದಿ ಎಂದರೆ ಶಿಕ್ಷಕಿಯರಷ್ಟೇ ಅಲ್ಲ. ಸೋಮವಾರ ಬೆಳಿಗ್ಗೆ ಆಫ್‌ಸ್ಟೆಡ್‌ನ ಫೋನ್ ಕರೆಯನ್ನು ಎತ್ತಿಕೊಂಡ ಕಚೇರಿಯ ಸಹಾಯಕಿ, ಆ ರಾತ್ರಿ ಕಟ್ಟಡವನ್ನು ತೆರೆದಿಟ್ಟ ಉಸ್ತುವಾರಿಯವರು, ಶುಚಿಗೊಳಿಸುವವರು, ಊಟದ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು, ಅಂಗವಿಕಲ ಮಕ್ಕಳಿಗೆ ನೆರವಾಗುವವರು ಎಲ್ಲರೂ ಆ ಸಭೆಯಲ್ಲಿರಬೇಕು, ಅವರವರ ಹೆಸರು ಹಿಡಿದು ಕೃತಜ್ಞತೆ ಹೇಳಬೇಕು. ಜನರಿಗೆ ಕೃತಜ್ಞತೆ ಸಲ್ಲಿಸದವನು ಅಲ್ಲಾಹನಿಗೂ ಕೃತಜ್ಞತೆ ಸಲ್ಲಿಸಿದಂತಾಗದು ಎಂಬ ಪ್ರವಾದಿಯವರ ಮಾತನ್ನು ಅಸೆಂಬ್ಲಿಯಲ್ಲಿ ವರ್ಷವಿಡೀ ಕಲಿಸುವ ಶಾಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪತ್ರದ ಮತ್ತು ಬ್ಯಾನರಿನ ಮಾತುಗಳು

ಪೋಷಕರಿಗೆ ಕಳುಹಿಸುವ ಪತ್ರ ಒಂದೇ ಪುಟದಲ್ಲಿರಲಿ. ತಪಾಸಣೆ ನಡೆದ ದಿನಾಂಕ, ಪ್ರತಿಯೊಂದು ವಿಭಾಗದ ದರ್ಜೆ, ವರದಿಯಿಂದ ಎತ್ತಿದ ಎರಡು ಅಥವಾ ಮೂರು ವಾಕ್ಯಗಳು, ಶಾಲೆ ಇನ್ನೂ ಮಾಡಬೇಕಿರುವ ಕೆಲಸ, ಇಡೀ ವರದಿ ಎಲ್ಲಿ ಸಿಗುತ್ತದೆ ಎಂಬ ಮಾಹಿತಿ ಇಷ್ಟಿದ್ದರೆ ಸಾಕು. ವಾಕ್ಯವನ್ನು ಎತ್ತಿಕೊಳ್ಳುವಾಗ ಇಡಿಯಾಗಿ ಎತ್ತಿಕೊಳ್ಳಿ. ಮೊದಲರ್ಧದಲ್ಲಿ ಹೊಗಳಿಕೆ, ‘ಆದರೆ’ ಎಂಬ ಮಾತಿನ ನಂತರ ಒಂದು ಕೊರತೆ ಇರುವ ವಾಕ್ಯದಲ್ಲಿ ಮೊದಲರ್ಧವನ್ನು ಮಾತ್ರ ಕತ್ತರಿಸಿ ತಂದರೆ, ಪಕ್ಕದ ಬೀದಿಯ ಯಾರೋ ಪೂರ್ತಿ ವರದಿಯನ್ನು ತೆರೆದು ಓದಿದ ಕ್ಷಣದಲ್ಲಿ ಶಾಲೆಯ ಮಾತಿನ ಬೆಲೆ ಕುಸಿಯುತ್ತದೆ. ಮುಸ್ಲಿಂ ಶಾಲೆಗಳನ್ನು ಅನುಮಾನದ ಕಣ್ಣಿನಿಂದ ನೋಡುವವರಿರುವ ಊರುಗಳಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು.

‘ದೇಶದಲ್ಲೇ ಶ್ರೇಷ್ಠ’, ‘ನಗರದ ನಂಬರ್ ಒನ್’ ಎಂಬಂಥ ಮಾತುಗಳನ್ನು ದೂರವಿಡಿ. ತಪಾಸಣೆಯಲ್ಲಿ ಶಾಲೆಗಳಿಗೆ ರ‍್ಯಾಂಕ್ ಕೊಡುವುದಿಲ್ಲ. ಜಾಹೀರಾತಿನಲ್ಲಿ ಆಡುವ ಮಾತಿಗೆ ಪುರಾವೆ ಬೇಕೆನ್ನುವ ನಿಯಮಗಳು ಶಾಲೆಗಳಿಗೂ ಅನ್ವಯಿಸುತ್ತವೆ. ಅಂಕಿಅಂಶಗಳ ವಿಷಯದಲ್ಲಿಯೂ ಒಂದು ಎಚ್ಚರಿಕೆ: ಪ್ರೋಗ್ರೆಸ್ 8 ಎಂಬ ಅಳತೆಯು ಪ್ರಾಥಮಿಕ ಹಂತದ ಕೊನೆಯಲ್ಲಿ ಪಡೆದ ಅಂಕಗಳಿಂದ ಹಿಡಿದು ಜಿಸಿಎಸ್‌ಇ (ಹದಿನಾರರ ವಯಸ್ಸಿನಲ್ಲಿ ಬರೆಯುವ ಪ್ರೌಢಶಾಲೆಯ ಕೊನೆಯ ಪರೀಕ್ಷೆ) ವರೆಗಿನ ಪ್ರಗತಿಯನ್ನು ತೋರಿಸುವಂಥದ್ದು. ಕೋವಿಡ್‌ನಿಂದಾಗಿ 2020 ಮತ್ತು 2021ರಲ್ಲಿ ಆ ಪ್ರಾಥಮಿಕ ಪರೀಕ್ಷೆಗಳೇ ನಡೆಯದ ಕಾರಣ 2025 ಮತ್ತು 2026ರಲ್ಲಿ ಜಿಸಿಎಸ್‌ಇ ಬರೆಯುವ ತಂಡಗಳಿಗೆ ಪ್ರೋಗ್ರೆಸ್ 8 ಇಲ್ಲ. ಹಳೆಯ ವರ್ಷದ ಅಂಕಿಯನ್ನು ಹೊಸ ವರದಿಯ ಪಕ್ಕದಲ್ಲಿ ವರ್ಷ ನಮೂದಿಸದೆ ಮುದ್ರಿಸಿದರೆ ಓದುವವರು ಅದನ್ನು ಈ ವರ್ಷದ್ದೆಂದೇ ತಿಳಿಯುತ್ತಾರೆ.

ಪತ್ರವನ್ನು ಮನೆಯ ಭಾಷೆಗಳಲ್ಲೂ ಕೊಡಿ. ಶಾಲೆಯ ಕುಟುಂಬಗಳು ಯಾವುವೆಂಬುದನ್ನು ನೋಡಿಕೊಂಡು ಉರ್ದು, ಗುಜರಾತಿ, ಬಂಗಾಳಿ, ಸೊಮಾಲಿ ಅಥವಾ ಅರಬ್ಬಿಯಲ್ಲಿ ಅರ್ಧ ಪುಟದ ಸಾರಾಂಶ ಬರೆಸಬಹುದು. ಓದಲು ಬಾರದ ಅಜ್ಜಿಯರಿಗಾಗಿ ಎರಡು ನಿಮಿಷದ ಧ್ವನಿಮುದ್ರಿಕೆಯನ್ನು ಮಾಡಿ ಕಳುಹಿಸಿದರೆ ಇನ್ನೂ ಒಳ್ಳೆಯದು; ಅದನ್ನು ಓದಲು ಆಯಾ ಭಾಷೆಯ ಶಿಕ್ಷಕಿಯರನ್ನೇ ಕೇಳಿ. ಈ ಕೆಲಸವನ್ನು ವಿದ್ಯಾರ್ಥಿನಿಯರ ಮೇಲೆ ಹೇರಬೇಡಿ, ಏಕೆಂದರೆ ಮನೆಯ ಎಲ್ಲ ಕಾಗದಪತ್ರಗಳನ್ನೂ ಅನುವಾದಿಸುವ ಹೊರೆ ಅವರಲ್ಲಿ ಹಲವರಿಗೆ ಈಗಾಗಲೇ ಇರುತ್ತದೆ.

ಬ್ಯಾನರಿನಲ್ಲಿ ತಪಾಸಣೆಯ ತಿಂಗಳು ಮತ್ತು ವರ್ಷ ಇರಲಿ. ಆಫ್‌ಸ್ಟೆಡ್ ಲೋಗೊ ಬಳಕೆಗೆ ಅದರದೇ ಷರತ್ತುಗಳಿವೆ, ಓದಿಯೇ ಬಳಸಿ. ರಸ್ತೆಗೆ ಕಾಣುವಂತೆ ಕಟ್ಟುವುದಾದರೆ ಸ್ಥಳೀಯ ಕೌನ್ಸಿಲ್‌ನಲ್ಲಿ ಒಂದು ಮಾತು ಕೇಳಿ.

ಫೋಟೊ ಮತ್ತು ಪತ್ರಿಕೆಯವರು

ಹುಡುಗಿಯರ ಫೋಟೊ ವಿಷಯದಲ್ಲಿ ಹಳೆಯ ಒಪ್ಪಿಗೆ ಪತ್ರವನ್ನೇ ನೆಚ್ಚಬೇಡಿ. ಶಾಲೆಯ ಪ್ರಾಸ್ಪೆಕ್ಟಸ್‌ಗೆ ಒಪ್ಪಿದ ಕುಟುಂಬ ದಿನಪತ್ರಿಕೆಗೆ ಒಪ್ಪಿರಬೇಕೆಂದಿಲ್ಲ, ಪತ್ರಿಕೆಗೆ ಒಪ್ಪಿದವರು ಯಾರು ಬೇಕಾದರೂ ಪ್ರತಿಕ್ರಿಯೆ ಬರೆಯಬಹುದಾದ ಜಾಲತಾಣಕ್ಕೆ ಒಪ್ಪಿರಬೇಕೆಂದಿಲ್ಲ. ಈ ಪ್ರಕಟಣೆಗೆಂದೇ ಹೊಸದಾಗಿ ಕೇಳಿ, ಪೋಷಕರನ್ನು ಕೇಳುವಾಗ ಹುಡುಗಿಯನ್ನೂ ಕೇಳಿ. ಹೆಸರು, ಮುಖ, ತರಗತಿ ಈ ಮೂರನ್ನು ಒಟ್ಟಿಗೆ ಎಲ್ಲಿಯೂ ಹಾಕಬೇಡಿ. ಮುಖವಿಲ್ಲದೆಯೂ ಒಳ್ಳೆಯ ಚಿತ್ರಗಳು ಸಿಗುತ್ತವೆ: ಪ್ರಯೋಗಾಲಯದ ಮೇಜಿನ ಮೇಲೆ ಬ್ಯುರೆಟ್ ತಿರುಗಿಸುತ್ತಿರುವ ಕೈಗಳು, ನೆಟ್‌ಬಾಲ್ ಅಂಕಣದಲ್ಲಿ ಹಿಂದಿನಿಂದ ಕಾಣುವ ಜಿಗಿತ, ಬಣ್ಣ ಮೆತ್ತಿದ ಏಪ್ರನ್‌ಗಳ ಸಾಲು. ಸಭಾಂಗಣದಲ್ಲಿ ಸಾಲಾಗಿ ನಿಲ್ಲಿಸಿ ತೆಗೆದ ಗುಂಪು ಫೋಟೊಗಿಂತ ಇವು ಶಾಲೆಯ ಬಗ್ಗೆ ಹೆಚ್ಚು ಹೇಳುತ್ತವೆ.

ಸ್ಥಳೀಯ ಪತ್ರಿಕೆಯವರು ಬಂದರೆ ಅವರ ಪ್ರಶ್ನೆ ಬೋಧನೆಯಿಂದ ಹಿಜಾಬಿಗೆ, ಹಿಜಾಬಿನಿಂದ ಬ್ರಿಟಿಷ್ ಮೌಲ್ಯಗಳಿಗೆ ಹೊರಳುವುದು ಅಪರೂಪವಲ್ಲ. ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆ, ವ್ಯಕ್ತಿಸ್ವಾತಂತ್ರ್ಯ, ಬೇರೆ ನಂಬಿಕೆಯವರ ಬಗ್ಗೆ ಗೌರವ ಮತ್ತು ಸಹಿಷ್ಣುತೆ ಇವುಗಳನ್ನು ಪೋಷಿಸುವ ಹೊಣೆ ಇಂಗ್ಲೆಂಡಿನ ಎಲ್ಲ ಶಾಲೆಗಳ ಮೇಲಿದೆ, ಮತ್ತು ವರದಿಯಲ್ಲಿ ಆ ಬಗ್ಗೆ ಬರೆದಿರುವುದನ್ನು ಓದಿ ತೋರಿಸುವುದೇ ತಕ್ಕ ಉತ್ತರ. ಮಾತನಾಡುವ ವಿದ್ಯಾರ್ಥಿನಿಯ ಪಕ್ಕದಲ್ಲಿ ಶಿಕ್ಷಕಿಯೊಬ್ಬರು ಇರಲಿ. ಅವಳಿಗೆ ಉತ್ತರಗಳನ್ನು ಬಾಯಿಪಾಠ ಮಾಡಿಸಬೇಡಿ. ಇಷ್ಟವಿಲ್ಲದ ಪ್ರಶ್ನೆಗೆ ‘ಇದಕ್ಕೆ ನಾನು ಉತ್ತರಿಸುವುದಿಲ್ಲ’ ಎನ್ನುವ ಹಕ್ಕು ತನಗಿದೆ ಎಂಬುದು ಅವಳಿಗೆ ಗೊತ್ತಿರಲಿ.

ದಿನ ಮತ್ತು ಹೊತ್ತು

ಸಮಾರಂಭದ ಹೊತ್ತನ್ನು ಗಡಿಯಾರದ ಜೊತೆಗೆ ನಮಾಜಿನ ವೇಳಾಪಟ್ಟಿಯನ್ನೂ ನೋಡಿ ಗೊತ್ತುಮಾಡಬೇಕು. ಉತ್ತರ ಇಂಗ್ಲೆಂಡಿನಲ್ಲಿ ಡಿಸೆಂಬರ್ ನಡುವೆ ಸೂರ್ಯ ನಾಲ್ಕು ಗಂಟೆಗೆ ಮುಂಚೆಯೇ ಮುಳುಗುತ್ತಾನೆ. ಮೂರೂವರೆಗೆ ಕಾರ್ಯಕ್ರಮ ಇಟ್ಟರೆ ಅತಿಥಿಯೊಬ್ಬರ ಭಾಷಣದ ನಡುವೆಯೇ ಮಗ್ರಿಬ್ (ಸೂರ್ಯಾಸ್ತದ ನಮಾಜು) ಬರುತ್ತದೆ. ಜೂನ್‌ನಲ್ಲಾದರೆ ಒಂಬತ್ತೂವರೆಯ ನಂತರವೂ ಬೆಳಕಿರುವುದರಿಂದ ಸಂಜೆಯ ಕಾರ್ಯಕ್ರಮಕ್ಕೆ ಧಾರಾಳ ಸಮಯವಿರುತ್ತದೆ. ಶುಕ್ರವಾರ ಮಧ್ಯಾಹ್ನ ಬೇಡ. ವರದಿ ರಂಜಾನ್ ತಿಂಗಳಲ್ಲಿ ಬಂದರೆ ಊಟವನ್ನು ಈದ್ ನಂತರಕ್ಕೆ ಮುಂದೂಡಬಹುದು, ಇಲ್ಲವೇ ಇಫ್ತಾರ್ ಕೂಟವನ್ನೇ ಸಮಾರಂಭವಾಗಿಸಿ ನೆರೆಹೊರೆಯವರನ್ನು ಕರೆಯಬಹುದು.

ಪ್ರೌಢಶಾಲಾ ಪ್ರವೇಶದ ಅರ್ಜಿಗೆ ಅಕ್ಟೋಬರ್ 31 ಕೊನೆಯ ದಿನವಾದ್ದರಿಂದ ಶಾಲೆಗಳು ಸೆಪ್ಟೆಂಬರ್‌ನಿಂದಲೇ ಓಪನ್ ಈವ್ನಿಂಗ್‌ಗಳನ್ನು (ಹೊಸ ಕುಟುಂಬಗಳು ಬಂದು ಶಾಲೆ ನೋಡುವ ಸಂಜೆಗಳು) ನಡೆಸುತ್ತವೆ. ಸಂಭ್ರಮವನ್ನು ಅದರ ಜೊತೆ ಬೆರೆಸುವ ಆಸೆ ಬಂದೀತು. ನಾನು ಬೆರೆಸಬಾರದೆನ್ನುತ್ತೇನೆ: ಒಂದು ಸಂಜೆ ಹೊಸಬರನ್ನು ಸೆಳೆಯುವುದಕ್ಕೆ, ಇನ್ನೊಂದು ಇದ್ದವರಿಗೆ ಕೃತಜ್ಞತೆ ಹೇಳುವುದಕ್ಕೆ. ಅತಿಥಿಗಳಲ್ಲಿ ಮೇಯರ್ ಮತ್ತು ಸಂಸದರ ಜೊತೆಗೆ ಶಾಲೆಗೆ ಹುಡುಗಿಯರನ್ನು ಕಳುಹಿಸುವ ಪ್ರಾಥಮಿಕ ಶಾಲೆಗಳ ಮುಖ್ಯಸ್ಥರು, ಹತ್ತಿರದ ಚರ್ಚ್ ಶಾಲೆಯವರು, ಮೊದಲ ದಿನಗಳಲ್ಲಿ ಚಂದಾ ಕೂಡಿಸಿದ ಹಿರಿಯರು ಇರಲಿ. ಪಕ್ಕದ ಶಾಲೆಗೆ ಇದೇ ತಿಂಗಳು ಕೆಟ್ಟ ವರದಿ ಬಂದಿದ್ದರೆ ಆಹ್ವಾನ ಪತ್ರದ ಬದಲು ಮುಖ್ಯೋಪಾಧ್ಯಾಯಿನಿ ಖುದ್ದಾಗಿ ಫೋನ್ ಮಾಡಿ ಮಾತನಾಡುವುದು ಸರಿ.

ಭಾಷಣಗಳು ಎರಡೇ ಇರಲಿ, ಹಲಾಲ್ ಊಟ ಬಿಸಿಯಾಗಿರಲಿ.

ಆಚರಣೆಯ ಮರುದಿನ

ಗೆರೆ ಹಾಕಿಟ್ಟ ಆ ಇನ್ನೊಂದು ಭಾಗವನ್ನು ಈಗ ತೆರೆಯಿರಿ. ಮುಂದಿನ ಆಡಳಿತ ಮಂಡಳಿ ಸಭೆಯ ಮೊದಲ ವಿಷಯ ಅದೇ ಆಗಿರಬೇಕು. ಯಾವ ಕೆಲಸ, ಯಾರ ಹೊಣೆ, ಯಾವ ತಿಂಗಳಿಗೆ ಮುಗಿಯಬೇಕು ಎಂಬುದು ನಡಾವಳಿಯಲ್ಲಿ ದಾಖಲಾಗಬೇಕು. ಒಂದು ಕಾಲದಲ್ಲಿ ಔಟ್‌ಸ್ಟ್ಯಾಂಡಿಂಗ್ ಪಡೆದ ಶಾಲೆಗಳಿಗೆ ನಿಯತ ತಪಾಸಣೆಯಿಂದ ವಿನಾಯಿತಿ ಇತ್ತು. 2012ರಲ್ಲಿ ಬಂದ ಆ ವಿನಾಯಿತಿಯನ್ನು 2020ರಲ್ಲಿ ತೆಗೆದುಹಾಕಲಾಯಿತು. ಸೋಮವಾರದ ಆ ಫೋನ್ ಕರೆ ಎಷ್ಟೇ ಒಳ್ಳೆಯ ಶಾಲೆಗೂ ಮತ್ತೆ ಬಂದೇ ಬರುತ್ತದೆ.

ಕೊನೆಯದಾಗಿ, ತಪಾಸಣೆ ಮೇ ತಿಂಗಳಲ್ಲಿ ನಡೆದು ವರದಿ ಜುಲೈಯಲ್ಲಿ ಬಂದರೆ ಇಯರ್ 11ರ ಹುಡುಗಿಯರು ಜಿಸಿಎಸ್‌ಇ ಪರೀಕ್ಷೆ ಮುಗಿಸಿ ಆಗಲೇ ಶಾಲೆ ಬಿಟ್ಟಿರುತ್ತಾರೆ. ತಪಾಸಕರು ಅವರೊಂದಿಗೂ ಮಾತನಾಡಿರಬಹುದು, ಅವರ ಪುಸ್ತಕಗಳನ್ನೂ ತೆರೆದು ನೋಡಿರಬಹುದು, ಆದರೆ ಸುದ್ದಿ ತಿಳಿಯದೆ ಉಳಿಯುವವರು ಅವರೇ. ವರದಿಯ ಪ್ರತಿಯೊಂದಿಗೆ ಮುಖ್ಯೋಪಾಧ್ಯಾಯಿನಿ ಕೈಯಾರೆ ಬರೆದ ಎರಡು ಸಾಲನ್ನು ಇಟ್ಟು ಒಬ್ಬೊಬ್ಬಳ ಮನೆಗೂ ಅಂಚೆಯಲ್ಲಿ ಕಳುಹಿಸಿ. ಲಕೋಟೆಗಳ ಮೇಲೆ ವಿಳಾಸ ಬರೆಯುವ ಕೆಲಸವನ್ನು ಬೇಸಿಗೆ ರಜೆಗೆ ಕಚೇರಿ ಮುಚ್ಚುವುದರೊಳಗೆ ಮುಗಿಸಿಕೊಳ್ಳಿ.